ರಿಜೆಕ್ಟ್ ಪೀಸು

ಕಾರ್ಖಾನೆಯಲ್ಲಿ ಅವಳನ್ನು ಎಲ್ಲರೂ ಕತ್ತರಿಯಕ್ಕ ಎಂದೇ ಕರೆಯುತ್ತಿದ್ದರು. ದಾರ ಕತ್ತರಿಸುವ ಪುಟ್ಟ ಕತ್ತರಿ ಸದಾ ಕೊರಳಲ್ಲಿ ನೇತಾಡುತ್ತಿತ್ತು ಎಂಬುದು ಎದುರಿಗೆ ಹೇಳುವ ಕಾರಣ. ಬೆನ್ನ ಹಿಂದೆ ಹೇಳುವ ಕಾರಣ ಅವಳ ನಾಲಿಗೆ. ಒಳಉಡುಪು ಹೊಲಿಯುವ ಆ ಕಾರ್ಖಾನೆಯ ತಪಾಸಣೆ ಮೇಜಿನಲ್ಲೇ ಅವಳ ಅರ್ಧ ಆಯಸ್ಸು ಕಳೆದಿತ್ತು. ಸೊಂಟದ ಪಟ್ಟಿಯೊಳಗೆ ಎರಡೂ ಹೆಬ್ಬೆರಳು ತೂರಿಸಿ ಒಮ್ಮೆ ಎಳೆದರೆ ಸಾಕು, ಇಲಾಸ್ಟಿಕ್ ಬಿಗಿಯೋ ಸಡಿಲವೋ ಗೊತ್ತಾಗಿಬಿಡುತ್ತಿತ್ತು. ಬಿಗಿಯಾದದ್ದನ್ನು ಮುಲಾಜಿಲ್ಲದೆ ಪಕ್ಕದ ರಿಜೆಕ್ಟ್ ಬುಟ್ಟಿಗೆ ಎಸೆಯುತ್ತಿದ್ದಳು. ಮೇಲ್ವಿಚಾರಕ ಬಂದು ಗೋಗರೆದರೂ ಸೊಪ್ಪು ಹಾಕುತ್ತಿರಲಿಲ್ಲ.

ಆ ಬುಟ್ಟಿಯ ಮಾಲನ್ನು ಕೆಲಸದವರು ಆಗಾಗ ಮನೆಗೆ ಒಯ್ಯಬಹುದಿತ್ತು. ಕತ್ತರಿಯಕ್ಕ ಒಯ್ಯುತ್ತಿದ್ದುದು ಅತ್ತೆಗಾಗಿ. ಗಂಡ ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವರು ಅವರಿಬ್ಬರೇ. ಸೊಸೆ ದಣಿದು ಬರುವಷ್ಟರಲ್ಲಿ ಅಡುಗೆ ಮಾಡಿ, ಸ್ನಾನಕ್ಕೆ ನೀರು ಕಾಯಿಸಿ, ಬಾಗಿಲಲ್ಲೇ ಕಾದು ಕೂರುವ ಅತ್ತೆ. ಸೊಸೆಗೂ ಅವಳೆಂದರೆ ಜೀವ. ಏನು ಮಾಡುವುದು, ಆ ಪ್ರೀತಿ ಬಾಯಿಗೆ ಬರುವಾಗ ಗದರಿಕೆಯಾಗಿಯೇ ಬರುತ್ತಿತ್ತು. ಅತ್ತೆಯ ಹಳೆಯ ಹತ್ತಿ ಚಡ್ಡಿಗಳನ್ನೆಲ್ಲ ನೆಲ ಒರೆಸುವುದಕ್ಕೆ ಹಾಕಿ, ಮಿರಮಿರ ಮಿಂಚುವ ನೈಲಾನಿನವನ್ನು ಕೈಗಿಟ್ಟು, ಇದು ಪರದೇಶಕ್ಕೆ ಹೋಗೋ ಮಾಲು, ಸುಮ್ನೆ ಹಾಕ್ಕೊಳ್ಳಿ ಎಂದಿದ್ದಳು. ಕಂಡವರ ಸೊಂಟಕ್ಕೆ ಬಿಗಿಯೆಂದು ತಾನೇ ಎಸೆದದ್ದು ಅತ್ತೆಯ ಸೊಂಟಕ್ಕೆ ಹೇಗೆ ಸರಿಹೋದೀತು ಎಂಬುದು ಆ ಜಾಣೆಯ ತಲೆಗೆ ಹೋಗಲೇ ಇಲ್ಲ ನೋಡಿ!

ಮುದುಕಿ ಮರುಮಾತಾಡದೆ ಹಾಕಿಕೊಂಡಳು. ಬೇಸಿಗೆ ಬೇರೆ. ನೈಲಾನು ಬೆವರನ್ನು ಹೀರುವುದಿಲ್ಲ, ಗಾಳಿಯನ್ನೂ ಬಿಡುವುದಿಲ್ಲ. ತೊಡೆಯ ಸಂದಿಯಲ್ಲಿ ಮೊದಲು ತುರಿಕೆಯೆದ್ದಿತು, ಆಮೇಲೆ ಇಲಾಸ್ಟಿಕ್ ಕೂತ ಜಾಗ ಕೆಂಪಗೆ ಬರೆಯೆಳೆದಂತಾಯಿತು, ಕೊನೆಗೆ ಚರ್ಮ ಸುಲಿದು ಹುಣ್ಣಾಯಿತು. ಸಕ್ಕರೆ ಕಾಯಿಲೆಯ ಮೈ, ಹುಣ್ಣು ಮಾಯುವ ಮಾತೇ ಇಲ್ಲ. ಸಾಲದ್ದಕ್ಕೆ, ಯಾರ ಕಣ್ಣಿಗೂ ಬೀಳಬಾರದೆಂದು ಒಗೆದ ಚಡ್ಡಿಗಳನ್ನು ಬಚ್ಚಲಿನ ಬಾಗಿಲ ಹಿಂದೆ ಟವೆಲಿನಡಿ ಹರವುತ್ತಿದ್ದಳು. ಅವು ಬಿಸಿಲನ್ನೇ ಕಾಣದೆ, ಅರೆ ಒದ್ದೆಯಲ್ಲೇ ಮತ್ತೆ ಮೈಗೇರುತ್ತಿದ್ದವು. ಯಾಕೆ ಕಾಲೆಳೆದು ನಡೀತೀರಿ ಎಂದು ಸೊಸೆ ಗದರಿದರೆ, ಮಂಡಿನೋವು ಎಂದು ಮುದುಕಿ ಮಾತು ಹಾರಿಸುತ್ತಿದ್ದಳು.

ಒಂದು ಬೆಳಿಗ್ಗೆ ಮುದುಕಿ ಏಳಲಿಲ್ಲ. ಮೈ ಕೆಂಡದ ಹಾಗೆ ಸುಡುತ್ತಿತ್ತು, ಸತ್ತ ಮಗನನ್ನು ಊಟಕ್ಕೆ ಕರೆಯುತ್ತಿದ್ದಳು. ಆಸ್ಪತ್ರೆಗೆ ಒಯ್ದಾಗ, ಡಾಕ್ಟರಮ್ಮ ಬಟ್ಟೆ ಸರಿಸಿ ನೋಡಿದರು. ಆಮೇಲೆ ಸೊಸೆಯನ್ನು ಹೊರಗೆ ಕರೆದು, ಕೀವು ಒಳಗೆ ಇಳಿದಿದೆ, ನಂಜು ರಕ್ತಕ್ಕೆ ಸೇರಿದೆ, ಕೊಳೆತದ್ದನ್ನು ಕೆರೆದು ತೆಗೆಯುತ್ತೇವೆ, ಆದರೆ ಈ ವಯಸ್ಸಿಗೆ ಏನೂ ಹೇಳಲಾಗದು ಎಂದರು.

ನರ್ಸು ಅತ್ತೆಯ ಬಟ್ಟೆಗಳನ್ನು ಒಂದು ಕವರಿನಲ್ಲಿ ಹಾಕಿ ಕೊಟ್ಟಳು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತ ಕತ್ತರಿಯಕ್ಕ ಅದನ್ನು ಬಿಚ್ಚಿದಳು. ಕೈಗೆ ಚಡ್ಡಿ ಸಿಕ್ಕಿತು. ಅಭ್ಯಾಸಬಲ, ಎರಡೂ ಹೆಬ್ಬೆರಳು ಪಟ್ಟಿಯೊಳಗೆ ಹೋದವು. ಎಳೆದಳು. ಅದು ಹಿಗ್ಗಲಿಲ್ಲ. ಯಾರಿಗೂ ಹೆದರದ ಆ ಹೆಂಗಸು ಅಷ್ಟು ಜನರ ಎದುರು ಬಾಯಿಗೆ ಸೆರಗು ತುರುಕಿಕೊಂಡು ಅತ್ತಳು. ನನ್ನ ಕೈಯಾರೆ ಕೊಂದೆನಲ್ಲ ಎಂದು ಅತ್ತಳು.

ಮುದುಕಿಯ ಜೀವ ಗಟ್ಟಿ. ಹೇಗೋ ಉಳಿದಳು. ಕಣ್ಣು ಬಿಟ್ಟು ತಿಳಿವು ಬಂದ ದಿನ ಸೊಸೆ ಮಂಚದ ಪಕ್ಕ ಕೂತು, ತಗ್ಗಿದ ದನಿಯಲ್ಲಿ ಕೇಳಿದಳು.

"ಯಾಕತ್ತೆ ಒಂದು ಮಾತು ಹೇಳ್ಲಿಲ್ಲ?"

"ನೀನು ಅಷ್ಟು ಆಸೆಯಿಂದ ತಂದಿದ್ದೆ. ಬಿಗಿ ಅಂದ್ರೆ ನೊಂದ್ಕೊಳ್ತೀಯ ಅನ್ನಿಸ್ತು." ಮುದುಕಿ ಸೊಸೆಯ ಕೈ ಹಿಡಿದುಕೊಂಡಳು. "ಬೈತೀಯ ಅಂತ ಭಯಾನೂ ಆಯ್ತು ಮಗಳೇ."



ಮೆತ್ತನೆಯ ಹತ್ತಿಯದನ್ನೇ ಹಾಕಿ, ಸಡಿಲವಾಗಿರಲಿ, ಬಿಸಿಲಲ್ಲಿ ಚೆನ್ನಾಗಿ ಒಣಗಲಿ ಎಂದು ಡಾಕ್ಟರಮ್ಮ ಹೇಳಿ ಕಳಿಸಿದ್ದರು. ಮನೆಗೆ ಬಂದವಳೇ ಕತ್ತರಿಯಕ್ಕ ಟ್ರಂಕು ತೆಗೆದಳು. ಗಂಡನ ಹತ್ತಿ ಅಂಗಿಗಳು ಅದರಲ್ಲಿದ್ದವು. ತೊಟ್ಟು ತೊಟ್ಟು ಹೂವಿನಷ್ಟು ಮೆತ್ತಗಾಗಿದ್ದ ಅಂಗಿಗಳು. ಯಾರು ಕೇಳಿದರೂ ಕೊಟ್ಟಿರಲಿಲ್ಲ, ಒಂದಕ್ಕೂ ಕತ್ತರಿ ತಾಗಿಸಿರಲಿಲ್ಲ. ಅಂದು ತಾಗಿಸಿದಳು. ಅಂಗಳದ ನಡುವೆ, ದಾರಿಹೋಕರಿಗೂ ಕಾಣುವಂತೆ, ಬಿಸಿಲಿಗೊಂದು ಹಗ್ಗವನ್ನೂ ಕಟ್ಟಿದಳು.

ಹೊಲಿದ ಮೊದಲ ಚಡ್ಡಿಯನ್ನು ಅತ್ತೆಗೆ ತೊಡಿಸಿ, ಲಾಡಿ ಕಟ್ಟಿ, ಎದುರಿಗೆ ಮಂಡಿಯೂರಿ ಕೂತಳು.

"ಹೆಂಗಿದೆ ಅತ್ತೆ?"

"ಚೆನ್ನಾಗಿದೆ ಕಣೇ."

ಸೊಸೆ ಏಳಲಿಲ್ಲ. ಮುದುಕಿ ಅವಳ ಮುಖವನ್ನೇ ನೋಡಿದಳು. ಆಮೇಲೆ ಮೆಲ್ಲಗೆ, ಏಟು ಬಿದ್ದೀತೆಂದು ಅಂಜುವ ಮಗುವಿನ ಹಾಗೆ, ಅಂದಳು:

"ಎಡಗಡೆ ತೊಡೆ ಹತ್ರ... ಒಂಚೂರು ಬಿಗಿ."

ಕತ್ತರಿಯಕ್ಕ ಕೊರಳಿನ ಕತ್ತರಿ ತೆಗೆದು ಹೊಲಿಗೆ ಬಿಚ್ಚತೊಡಗಿದಳು.