ಅರಮನೆಯಿಂದ ಬಾರದ ಕಾರು

ಆ ಚಿನ್ನದ ಕಾರು ಯಾವ ಅರಮನೆಯಿಂದಲೂ ಬಂದದ್ದಲ್ಲ. ಸುಳ್ಳು ಹೇಳಿದವನು ನಾನು — ಅದೂ ನನ್ನ ಅಕ್ಕನ ಎದುರಿಗೇ.

ತೊಂಬತ್ತರ ದಶಕದ ನಡುವಿನ ಮಾತು. ಡೊಂಬಿವಲಿಯ ಕೈಗಾರಿಕಾ ವಸಾಹತು ಎಂಐಡಿಸಿಯಲ್ಲಿ ನಾನೂ ಯಮುನಕ್ಕನೂ ಲೋಹಕ್ಕೆ ಲೇಪ ಹಾಕುವ ಸಣ್ಣದೊಂದು ಪ್ಲೇಟಿಂಗ್ ಶೆಡ್ ನಡೆಸುತ್ತಿದ್ದೆವು. ಕೆಮಿಸ್ಟ್ರಿ ಓದಿದವಳು ಅವಳು. ಮಾತಾಡಿ ಗಿರಾಕಿ ಹಿಡಿಯುವವನು ನಾನು. ನಲ್ಲಿ, ಬಾಗಿಲ ಹಿಡಿಕೆಗಳಿಗೆ ಹೊಳಪು ಕೊಟ್ಟೂ ಕೊಟ್ಟೂ ಬೇಸತ್ತಿದ್ದಳೋ ಏನೋ — ಕಲ್ಯಾಣದ ಗುಜರಿಯಲ್ಲಿ ಬಿದ್ದಿದ್ದ ಹಳೆಯ ವಿಲಾಯತಿ ಕಾರೊಂದನ್ನು ತರಿಸಿದಳು.

"ಇದಕ್ಕೆ ಚಿನ್ನ ಹಾಕುವ. ನೋಡಿದವರು ಕೆಲಸ ಹುಡುಕ್ಕೊಂಡು ಬರ್ತಾರೆ," ಎಂದಳು.

ಅವಳ ಮದುವೆಗೆಂದು ಅಮ್ಮ ಮಾಡಿಸಿಟ್ಟಿದ್ದ ಬಳೆ, ಸರ — ಎಲ್ಲವನ್ನೂ ತಾನೇ ಕರಗಿಸಿದಳು. ನಾನು ಬೇಡವೆನ್ನಲಿಲ್ಲ. ಕರೆಂಟು ಹರಿಯುವ ಕಡ್ಡಿಗೆ ಬಟ್ಟೆ ಸುತ್ತಿ, ಚಿನ್ನದ ದ್ರಾವಣದಲ್ಲಿ ಅದ್ದಿ, ಅಂಗೈಯಗಲ ಅಂಗೈಯಗಲ ಉಜ್ಜುತ್ತಾ ಒಂದಿಡೀ ಮಳೆಗಾಲ ಆ ತಗಡಿಗೆ ಬಣ್ಣ ಏರಿಸಿದಳು.

ಠಾಣೆಯ ಬಿಲ್ಡರೊಬ್ಬ ನೋಡಲು ಬಂದ. "ಯೆ ಕಿಸ್ಕಾ ಕಾಮ್ ಹೈ?" — ಯಾರ ಕೈಕೆಲಸವೆಂದು ಕೇಳಿದ. ಅಕ್ಕ ಗ್ಲೌಸ್ ಕಳಚುತ್ತಾ ಮುಂದೆ ಬಂದಳು. ಈ ಶೆಡ್ಡಿನದೆಂದರೆ ಅವನು ಮೂಗು ಮುರಿದಾನು ಎಂದು ನನಗೇಕೆ ಅನ್ನಿಸಿತೋ — ರಾಜಮನೆತನದ ಕಾರು ಸೇಠ್, ಮಾರಾಟಕ್ಕೆ ನಮ್ಮಲ್ಲಿ ಬಿಟ್ಟಿದ್ದಾರೆ, ನಾವು ತೊಳೆದದ್ದಷ್ಟೇ, ಎಂದುಬಿಟ್ಟೆ. ಅವನು ಅಕ್ಕನತ್ತ ನೋಡಿದ.

"ಸಫಾಯಿ ಕರ್ತೀ ಹೈ," ಎಂದೆ. ಗುಡಿಸಿ ಒರೆಸುವವಳು — ನನ್ನ ಅಕ್ಕ.

ಅವಳು ಮತ್ತೆ ಗ್ಲೌಸ್ ತೊಟ್ಟು, ಬಕೆಟ್ ಎತ್ತಿಕೊಂಡು ಒಳಗೆ ಹೋದಳು.

ಬಿಲ್ಡರ್ ಕಾರನ್ನು ಕೊಂಡುಹೋಗಿ, ರಾಜರದೆಂದೇ ಎಲ್ಲರಿಗೂ ತೋರಿಸಿದ. ಕೆಲಸ ಹುಡುಕಿಕೊಂಡು ಯಾರೂ ಬರಲಿಲ್ಲ — ಅರಮನೆಯ ಕಾರು ಕಂಡವರು ನಮ್ಮ ಶೆಡ್ಡಿಗೆ ಯಾಕೆ ಬಂದಾರು? ಕೆಲವು ವರ್ಷಕ್ಕೆ ಬಾಗಿಲು ಹಾಕಿದೆವು. ಅಕ್ಕ ಕಾಮೋಠೆಯಲ್ಲಿ ಕೋಣೆ ಹಿಡಿದು, ಮಕ್ಕಳಿಗೆ ಟ್ಯೂಷನ್ ಹೇಳುತ್ತಾ ಒಬ್ಬಳೇ ಉಳಿದಳು. ಒಂದು ದಿನವೂ ನನ್ನನ್ನು ಬೈಯಲಿಲ್ಲ — ಬೈದಿದ್ದರೆ...

ಈಗ ಆ ಕಾರು ಯಾರೋ ಸಂಗ್ರಹಕಾರರ ಬಳಿಯಿದೆಯಂತೆ. ಅಪರೂಪದ ರಾಜವಾಹನವೆಂದು ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. ಅದನ್ನು ಹಿಡಿದು ಕಾಮೋಠೆಗೆ ಹೋದೆ.

"ನಿಜ ಹೇಳಿಬಿಡ್ತೇನೆ ಅಕ್ಕ, ಎಲ್ಲರಿಗೂ."

ಅವಳು ಚಿತ್ರವನ್ನು ಬಹಳ ಹೊತ್ತು ನೋಡಿದಳು. "ಬಾಗಿಲಿನ ಹತ್ರ ಸ್ವಲ್ಪ ಮಾಸಿದೆ ಅಲ್ವಾ," ಎಂದಳು. ಆಮೇಲೆ ಪತ್ರಿಕೆ ಮಡಚಿ ನನ್ನ ಕೈಗಿತ್ತಳು.

"ಎಲ್ಲರಿಗೂ ಹೇಳು. ಆವತ್ತು ಅವನೊಬ್ಬನಿಗೆ ಹೇಳಿದ್ರೆ ಸಾಕಿತ್ತು, ಮಾರಾಯ."

ಪತ್ರಿಕೆ ಹಿಡಿದು ಮನೆಗೆ ಬಂದೆ. ಈಗ ಹೇಳುತ್ತಿದ್ದೇನೆ — ಅಷ್ಟೇ.