ಒಂದು ಮೊಳ ವೈಜಯಂತಿ

ಕದ್ವಾಡದ ಪುಂಡಲೀಕನನ್ನು ಊರವರು ಪೇಟಿ ಮಾಸ್ತರ ಅನ್ನುತ್ತಿದ್ದರು. ಅವನು ಬಾರಿಸುತ್ತಿದ್ದದ್ದು ಹಾರ್ಮೋನಿಯಂ ಪೇಟಿಯಲ್ಲ, ಪಿಯಾನೊ. ಅದನ್ನು ತಿಳಿಸಿ ಹೇಳುವ ಉಸಾಬರಿಯನ್ನು ಅವನು ಬಹುಬೇಗ ಕೈಬಿಟ್ಟ. ಪೇಟಿಯಂಥದ್ದೇ, ಸ್ವಲ್ಪ ದೊಡ್ಡದು ಎಂದರೆ ಕೇಳಿದವರಿಗೂ ಸಮಾಧಾನ, ಅವನ ಗಂಟಲಿಗೂ ವಿಶ್ರಾಂತಿ.

ಮೀಸೆ ಚಿಗುರುವ ಮೊದಲೇ ಸೋದರಮಾವನ ಬೆನ್ನು ಹಿಡಿದು ಮುಂಬಯಿಗೆ ಹೋದವನು ಅವನು. ವಾದ್ಯಗಳ ಅಂಗಡಿಯೊಂದರಲ್ಲಿ ಪಿಯಾನೊಗಳ ಧೂಳು ಒರೆಸುವ ಕೆಲಸ ಸಿಕ್ಕಿತು. ಒರೆಸುತ್ತ ಒರೆಸುತ್ತಲೇ ಕಲಿತ. ಮುಂದೆ ಗಿರಗಾಂವಿನ ಒಂದು ಚಿತ್ರಮಂದಿರದಲ್ಲಿ ಪರದೆಯ ಬುಡಕ್ಕೆ ಕೂತು ಬಾರಿಸುವ ನೌಕರಿಯಾಯಿತು. ಆಗಿನ ಪಿಚ್ಚರುಗಳಿಗೆ ಬಾಯಿರಲಿಲ್ಲ. ಕುದುರೆ ಓಡಿದರೆ ಓಡುವ ಸದ್ದು, ತಾಯಿ ಅತ್ತರೆ ಅಳುವ ಸದ್ದು, ಎಲ್ಲ ಪಿಯಾನೊದವನೇ ಹುಟ್ಟಿಸಬೇಕು. ಆ ಕಸುಬಿಗೆ ಒಂದೇ ಕಟ್ಟಳೆ: ಕಣ್ಣು ಪರದೆಯ ಮೇಲಿರಬೇಕು, ಕೈಯನ್ನು ನೋಡಬಾರದು. ಕೈ ನೋಡಿದವನು ಕತೆ ತಪ್ಪಿಸಿಕೊಂಡ ಎಂದೇ ಲೆಕ್ಕ.

ಮುಂಬಯಿಯಲ್ಲಿ ಪಿಯಾನೊದಿಂದ ಹೊಟ್ಟೆ ಹೊರೆಯುವವರು ಹೆಚ್ಚುಕಮ್ಮಿ ಎಲ್ಲರೂ ಗೋವೆಯ ಕ್ರಿಸ್ತುವರು, ಇಗರ್ಜಿಯ ಶಾಲೆಗಳಲ್ಲಿ ಕಲಿತು ಬಂದವರು. ನಡುನಡುವೆ ಕೆಲವರು ಪಾರ್ಸಿ ಹೆಂಗಸರು, ಗಂಡ ಸತ್ತ ಒಬ್ಬಳು ಆಂಗ್ಲೋ ಇಂಡಿಯನ್ ಮುದುಕಿ. ಹಣೆಗೆ ಗಂಧವಿಟ್ಟುಕೊಂಡು ಪಿಯಾನೊದ ಮುಂದೆ ಕೂರುತ್ತಿದ್ದವನು ಪುಂಡಲೀಕನಿಗೆ ಗೊತ್ತಿದ್ದ ಮಟ್ಟಿಗೆ ಅವನೊಬ್ಬನೇ. ಧೋಬಿ ತಲಾವಿನ ಇರಾಣಿ ಅಂಗಡಿಯಲ್ಲಿ ಚಹಕ್ಕೆ ಸೇರಿದಾಗ ಉಳಿದವರು ಅವನನ್ನು ಭಟ್ಟರೇ ಎಂದು ಕರೆದು ಕಾಡುತ್ತಿದ್ದರು. ಕಾಡಿದರೂ ಚಹ ಕುಡಿಸುತ್ತಿದ್ದರು.

ಅವನ ಹೆಂಡತಿ ವೈಜಯಂತಿ ಕಾರವಾರದ ಹಾಡುವ ಮನೆತನದವಳು. ಮಾತಾಡದ ಪಿಚ್ಚರಿನಲ್ಲಿ ಹಾಡುವವಳಿಗೇನು ಕೆಲಸ? ಆದರೂ ಸ್ಟುಡಿಯೋದವರು ಯಾರೋ ನೋಡಿ ಒಂದು ಚಿಕ್ಕ ಪಾತ್ರಕ್ಕೆ ಕರೆದರು, ಅವಳು ಕುಣಿಯುತ್ತ ಹೋದಳು. ನದಿಯ ಮೆಟ್ಟಿಲ ಮೇಲೆ ಕೊಡ ತುಂಬಿಕೊಂಡು ಬೆನ್ನು ತಿರುಗಿಸಿ ನಡೆಯಬೇಕು. ಹಿಂದಿನಿಂದ ಯಾರೋ ಕರೆದ ಹಾಗೆ ತಿರುಗಿ ನೋಡಿ ನಗಬೇಕು. ಅಷ್ಟೇ ಪಾತ್ರ. ಅಷ್ಟನ್ನೇ ಮನೆಯಲ್ಲಿ ನೀರಿನ ತಂಬಿಗೆ ಹಿಡಿದು ಎಷ್ಟು ಸಲ ಮಾಡಿ ತೋರಿಸಿದಳೋ.

ಪಿಚ್ಚರು ತೆರೆ ಕಾಣುವ ಹೊತ್ತಿಗೆ ಅವಳು ವಿಷಮಜ್ವರದಿಂದ ಮಲಗಿದ್ದಳು. ಗಂಡನ ಚಿತ್ರಮಂದಿರಕ್ಕೇ ಅದು ಬಂತು. ಮೊದಲ ದಿನ ಪುಂಡಲೀಕ ನೋಡಿದ. ತಿರುಗಿ ನಗುವ ಆ ಗಳಿಗೆಗೆ ಅವನ ಬೆರಳು ತಾನಾಗಿ ಹುಡುಕಿಕೊಂಡದ್ದು ಅವಳು ಒಲೆಯ ಮುಂದೆ ಗುನುಗುತ್ತಿದ್ದ ಒಂದು ಎಳೆ. ಮರುದಿನವೇ ಅವಳು ತೀರಿಕೊಂಡಳು. ಊರಿಂದ ಬಂದ ಅತ್ತೆ ಎದೆ ಬಡಿದುಕೊಂಡು ಹೇಳಿದ್ದು ಒಂದೇ ಮಾತು: ಆ ಪಿಚ್ಚರಿನ ಯಂತ್ರ ಮಗಳ ಆಯುಷ್ಯವನ್ನು ಹೀರಿತು. ಫೋಟೋ ತೆಗೆಸಿದರೆ ಆಯುಷ್ಯ ಕಡಿಮೆಯಾಗುತ್ತದೆಂದು ಆಕೆ ಮಗಳ ಮದುವೆಯಲ್ಲೂ ಒಂದು ಫೋಟೋ ತೆಗೆಯಲು ಬಿಟ್ಟವಳಲ್ಲ. ಪುಂಡಲೀಕನಿಗೆ ಅದನ್ನು ನಂಬುವ ಮನಸ್ಸಿರಲಿಲ್ಲ. ಪೂರ್ತಿ ನಂಬದಿರುವ ಧೈರ್ಯವೂ ಇರಲಿಲ್ಲ.

ಕ್ರಿಯೆ ಮುಗಿಸಿ ಅವನು ಕೆಲಸಕ್ಕೆ ಮರಳಿದಾಗ ಪಿಚ್ಚರಿನ ಕೊನೆಯ ದಿನ. ಆಟ ಮುಗಿದ ಮೇಲೆ ಯಂತ್ರ ನಡೆಸುವ ಕಾಶಿಯ ಕೋಣೆಗೆ ಹೋಗಿ ಕೈಮುಗಿದು ನಿಂತ. ಕಾಶಿ ಅವನ ಗೆಳೆಯ. ಏನು ಬೇಕೆಂದು ಕೇಳಬೇಕಾದ ಅಗತ್ಯ ಬೀಳಲಿಲ್ಲ.

"ಒಂದು ಮೊಳ ಹೋದ್ರೆ ಯಾರಿಗೆ ತಿಳೀತದೆ ತಗೋ," ಎಂದ ಕಾಶಿ. "ಇಂಥ ಪ್ರತಿಗಳು ಊರಿಗೊಂದು ಇರ್ತವೆ."

ಅವಳು ತಿರುಗಿ ನಗುವಷ್ಟನ್ನೇ ಕತ್ತರಿಸಿ, ಎರಡು ತುದಿ ಸೇರಿಸಿ ಅಂಟಿಸಿದ. ಜೋಡಣೆ ಬರುತ್ತಿದೆ ಎಂದು ಮುಂದೆ ಯಂತ್ರ ನಡೆಸುವವರಿಗೆ ತಿಳಿಯಲು ಪಕ್ಕದಲ್ಲಿ ಬೆರಳಿನಿಂದ ಕುಂಕುಮದ ಬಣ್ಣದ ಒಂದು ಬೊಟ್ಟು ಒತ್ತಿದ. ಅದು ಕಾಶಿಯ ಪದ್ಧತಿ. ಕತ್ತರಿಸಿದ ಮೊಳವನ್ನು ಪುಂಡಲೀಕ ಹೂವು ಕೊಂಡವನ ಹಾಗೆ ಕರವಸ್ತ್ರದಲ್ಲಿ ಸುತ್ತಿ ಮನೆಗೆ ಒಯ್ದು ತಗಡಿನ ಡಬ್ಬಿಯಲ್ಲಿಟ್ಟ. ದಿನವೂ ಅದನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದ. ಉಗುರಿನಷ್ಟಗಲದ ವೈಜಯಂತಿಯರ ಸಾಲು, ಒಬ್ಬೊಬ್ಬಳೂ ಹಿಂದಿನವಳಿಗಿಂತ ಎಳ್ಳಷ್ಟು ಹೆಚ್ಚು ತಿರುಗಿದವಳು.

ಮರುವರ್ಷ ಪಿಚ್ಚರುಗಳಿಗೆ ಬಾಯಿ ಬಂತು. ಬಂದದ್ದೇ ಪಿಯಾನೊದವರ ಬಾಯಿಗೆ ಮಣ್ಣು ಬಿತ್ತು. ಮಡಗಾಂವಿನ ಅಣ್ಣತಮ್ಮಂದಿರಿಬ್ಬರು ಹಡಗಿನ ಬ್ಯಾಂಡಿಗೆ ಸೇರಿ ಹೋದರು. ಒಬ್ಬ ಹೊಟೇಲಿನಲ್ಲಿ ಊಟ ಮಾಡುವವರ ಬೆನ್ನಿಗೆ ಬಾರಿಸಲು ನಿಂತ, ಇನ್ನೊಬ್ಬ ಇಗರ್ಜಿಗೆ ಮರಳಿದ. ಪಾರ್ಸಿ ಹೆಂಗಸರು ಮನೆಮನೆಗೆ ಹೋಗಿ ಹುಡುಗಿಯರಿಗೆ ಕಲಿಸತೊಡಗಿದರು. ಆಂಗ್ಲೋ ಇಂಡಿಯನ್ ಮುದುಕಿ ಏನಾದಳೆಂದು ಯಾರಿಗೂ ತಿಳಿಯಲಿಲ್ಲ. ಇರಾಣಿ ಅಂಗಡಿಯ ಅದೇ ಮೇಜಿಗೆ ಸೇರುತ್ತಿದ್ದವರು ಕಡಿಮೆಯಾಗುತ್ತ ಹೋಗಿ ಕೊನೆಗೆ ಪುಂಡಲೀಕ ಒಬ್ಬನೇ ಕೂತು ಎದ್ದುಬಂದ ಒಂದು ಸಂಜೆಯೂ ಆಯಿತು. ಹಿಂದೂ ಹುಡುಗನನ್ನು ಇಗರ್ಜಿ ಕರೆಯುವುದಿಲ್ಲ, ಹೊಟೇಲಿಗೆ ಬೇಕಾದ ಕುಣಿತದ ಧಾಟಿ ಅವನಿಗೆ ಗೊತ್ತಿಲ್ಲ. ಡಬ್ಬಿ ಹಿಡಿದು ಹಡಗು ಹತ್ತಿ ಕಾರವಾರದ ಬೈತಖೋಲ ಬಂದರಿನಲ್ಲಿ ಇಳಿದ.

ಕದ್ವಾಡದ ಮೊದಲ ಮಳೆಗಾಲವೇ ಅವನನ್ನು ಮುರಿಯಿತು. ತೇವ ತಾಗೀತೆಂದು ಮಳೆ ಹಿಡಿದ ಮೇಲೆ ಮುಚ್ಚಿಯೇ ಇಟ್ಟಿದ್ದ ಡಬ್ಬಿಯನ್ನು ಶ್ರಾವಣದಲ್ಲಿ ಒಂದು ದಿನ ತೆರೆದರೆ ಒಳಗೆ ಬೆಲ್ಲದ ಪಾಕದಂಥ ಕಂದು ಮುದ್ದೆ, ಮೂಗು ಸುಡುವ ವಾಸನೆ. ಉಪ್ಪುಗಾಳಿ, ತೇವ, ಏನೆಂದರೂ ಸರಿಯೆ. ಒಬ್ಬ ವೈಜಯಂತಿಯೂ ಉಳಿದಿರಲಿಲ್ಲ. ಪುಂಡಲೀಕ ಆ ಮುದ್ದೆಯನ್ನು ಎಸೆಯಲಾರದೆ ಮುಚ್ಚಳ ಹಾಕಿ ಮಾಡಿನ ಕೆಳಗೆ ಸಿಕ್ಕಿಸಿಟ್ಟ.

ಅಂದಿನಿಂದ ಅವಳು ಕನಸಿಗೆ ಬರತೊಡಗಿದಳು. ಬೆನ್ನು ಮಾತ್ರ. ಕೊಡ ಹೊತ್ತು ಮೆಟ್ಟಿಲು ಹತ್ತುತ್ತ ಹೋಗುವಳು, ಅವನು ಕರೆಯುವನು, ಅವಳು ತಿರುಗುತ್ತಿರಲಿಲ್ಲ. ಎಚ್ಚರವಿದ್ದಾಗಲೂ ಅವಳ ಮುಖ ಅವನಿಗೆ ಒದಗದಾಯಿತು. ದನಿ ಇತ್ತು, ಒಲೆಯ ಮುಂದಿನ ಗುನುಗು ಕಿವಿಯಲ್ಲೇ ಇತ್ತು. ಹುಬ್ಬು ಹೇಗಿತ್ತು, ಹಲ್ಲು ಹೇಗಿತ್ತು? ನೆನೆಯಲು ಕೂತರೆ ಅತ್ತೆಯ ಮುಖ ಬರುತ್ತಿತ್ತು, ಬೇರೆ ಯಾವಳೋ ನಟಿಯದು ಬರುತ್ತಿತ್ತು. ಕಟ್ಟಿಕೊಂಡವಳ ಮುಖ ಮರೆತವನು ಎಂಥ ಗಂಡಸು ಎಂದು ತನಗೆ ತಾನೇ ಹೇಸುತ್ತಿದ್ದ. ಸಾಯುವುದರೊಳಗೆ ಒಂದು ಸಲ ಆ ಪಿಚ್ಚರು ನೋಡಬೇಕು, ಅವಳು ತಿರುಗುವುದನ್ನು ನೋಡಬೇಕು. ಆಗಿನಿಂದ ಅವನಿಗೆ ಬೇಕಾದದ್ದು ಇದೊಂದೇ.

ಆದ್ದರಿಂದಲೇ ಅಂಕೋಲೆಯ ನಾಗಪತಿ ಹೆಗಡೆ ಕರೆಕಳಿಸಿದಾಗ ಸಂಬಳದ ಮಾತನ್ನೂ ಎತ್ತದೆ ಹೋದ. ನಾಗಪತಿ ತೋಟವನ್ನು ಅಣ್ಣನಿಗೆ ಬಿಟ್ಟು ಪಿಚ್ಚರಿನ ಹುಚ್ಚು ಹಚ್ಚಿಕೊಂಡ ಮನುಷ್ಯ. ದೀಪಾವಳಿಯಿಂದ ಮಳೆ ಬೀಳುವವರೆಗೆ ಗದ್ದೆ ಬಯಲಿನಲ್ಲಿ ಡೇರೆ ಹಾಕಿ, ದೊಡ್ಡ ಊರುಗಳಲ್ಲಿ ಯಾರಿಗೂ ಬೇಡವಾದ ಮೂಕಿ ಪಿಚ್ಚರುಗಳನ್ನು ತರಿಸಿ ತೋರಿಸುತ್ತಿದ್ದ. ಪರದೆಯ ಪಕ್ಕ ಬೆತ್ತ ಹಿಡಿದು ನಿಂತು ಕತೆ ಹೇಳುವವನೂ ಅವನೇ. ಕಾರವಾರದ ಬಂಗಲೆಯೊಂದನ್ನು ಬಿಟ್ಟು ವಿಲಾಯತಿಗೆ ಹೊರಟ ಸಾಹೇಬನ ಪಿಯಾನೊ ಲಿಲಾವಿನಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ಕೊಂಡಿದ್ದ. ಎತ್ತಿನ ಗಾಡಿಯಲ್ಲಿ ಅದು ಅಂಕೋಲೆಗೆ ಬಂದ ದಿನ ಪೇಟೆಯ ಅರ್ಧ ಜನ ಹಿಂದೆ ನಡೆದರಂತೆ.

ಆ ಪಿಯಾನೊಗೂ ಕರಾವಳಿಯ ಗಾಳಿ ತಾಗಿತ್ತು. ಒತ್ತಿದ ಪಟ್ಟಿ ಮೇಲೆ ಏಳುತ್ತಿರಲಿಲ್ಲ. ಒತ್ತಬೇಕು, ನೋಡಿ ಬೆರಳು ಹಾಕಿ ಎತ್ತಬೇಕು, ಮತ್ತೆ ಒತ್ತಬೇಕು. ಜೀವಮಾನವಿಡೀ ಕೈ ನೋಡದೆ ಬಾರಿಸಿದವನು ಈಗ ಕೈಯನ್ನೇ ನೋಡುತ್ತ ಬಾರಿಸಬೇಕಾಯಿತು. ಪರದೆಯ ಮೇಲೆ ಏನು ನಡೆಯುತ್ತಿದೆ ಎಂಬುದು ನಾಗಪತಿಯ ಬಾಯಿಂದಲೇ ಅವನಿಗೆ ತಿಳಿಯುತ್ತಿತ್ತು.

ಎರಡು ಹಂಗಾಮು ಹೀಗೆ ಕಳೆದವು. ಮೂರನೆಯ ಹಂಗಾಮಿನ ಕೊನೆಗೆ ನಾಗಪತಿ ಹೇಳಿದ, "ಮಾಸ್ತರ್ರೇ, ಮುಂದಿನ ವರ್ಷಕ್ಕೆ ಮಾತಾಡೂ ಯಂತ್ರ ತರ್ಸ್ತೆ. ಜನ ಕೇಳೂಕೆ ಹತ್ತಿದ್ರು. ನಿಮ್ಗೆ ಬೇಜಾರು ಮಾಡೂಕೆ ಹೇಳ್ದದ್ದಲ್ಲ." ಪುಂಡಲೀಕ ತಲೆಯಾಡಿಸಿದ. ಕಡೆಯ ವಾರಕ್ಕೆ ಯಾವ ಪಿಚ್ಚರು ಎಂದು ಕೇಳಿದ. ನಾಗಪತಿ ಹೇಳಿದ್ದು ವೈಜಯಂತಿಯ ಆ ಪಿಚ್ಚರಿನ ಹೆಸರು, ಕೇಳಿ ಅವನು ಅಲ್ಲೇ ಚಾಪೆಯ ಮೇಲೆ ಕೂತುಬಿಟ್ಟ.

ಡೇರೆ ಗುಡಿಸಿ ನೀರು ಚಿಮುಕಿಸುವ ಅಗಸೂರಿನ ಬೀರಿ ಇದನ್ನು ನೋಡಿದಳು. ಕೊರಳ ತುಂಬ ಮಣಿಸರದ, ಮಾತಿಗೆ ಮುಲಾಜಿಲ್ಲದ ಹೆಂಗಸು. ನಾಗಪತಿ ಅತ್ತ ಹೋದ ಮೇಲೆ ಬಂದು ಕೇಳಿದಳು, "ಎಂತಾಯ್ತ್ರಾ ಮಾಸ್ತರ್ರೇ? ಮೈ ಸಮ ಇಲ್ವಾ?"

ಪುಂಡಲೀಕ ಯಾರಿಗೂ ಹೇಳದ್ದನ್ನು ಅವಳಿಗೆ ಹೇಳಿದ. ಪಿಚ್ಚರು, ಕನಸು, ಬೆನ್ನು, ಎಲ್ಲ ಹೇಳಿದ. ಡಬ್ಬಿಯ ಮಾತೊಂದನ್ನು ಬಿಟ್ಟ.

ಬೀರಿ ಪೊರಕೆ ಕೆಳಗಿಟ್ಟಳು. "ಸತ್ತವ್ರು ಬೆನ್ನು ತೋರ್ಸ್ತ್ರು ಅಂದ್ರೆ ಅವ್ರದ್ದು ಎಂತದೋ ನಿಮ್ಮ ಕೈಲಿ ಉಳ್ದದೆ. ಕೊಟ್ಬಿಡಿ."

"ನನ್ನ ಹತ್ರ ಅವಳದ್ದು ಎಂತ ಉಂಟು? ಒಂದು ಸೀರೆಯೂ ಇಲ್ಲ."

"ಅದು ನಂಗೆ ಗೊತ್ತಿಲ್ಲ. ಅವ್ರನ್ನ ನೋಡೂಕೆ ನಿಮ್ಮ ಕಣ್ಣಿಗೆ ಬಿಡುವಿರ್ಬೇಕಲ್ಲ? ನೀವು ಪಟ್ಟಿ ಒತ್ತಿ, ಎತ್ತೂದು ನಾ ಮಾಡ್ತೆ. ಗದ್ದೆ ನಟ್ಟಿ ಮಾಡೂ ಕೈ ಇದು, ಸೋಲೂದಿಲ್ಲ."

ಮೊದಲ ಆಟಕ್ಕೆ ಬೀರಿ ಅವನ ಪಕ್ಕ ಕುಕ್ಕರಗಾಲಲ್ಲಿ ಕೂತಳು. ಅವನು ಒತ್ತಿದಂತೆಲ್ಲ ಅವಳ ಬೆರಳು ಹಿಂದೆಯೇ ಬಂದು ಪಟ್ಟಿಯನ್ನು ಮೀಟಿ ಎತ್ತುತ್ತಿತ್ತು. ಒಮ್ಮೊಮ್ಮೆ ಇಬ್ಬರ ಬೆರಳೂ ತಾಕಿ ಸ್ವರ ಮುಗ್ಗರಿಸುತ್ತಿತ್ತು, ಜನ ನಗುತ್ತಿದ್ದರು. ಪುಂಡಲೀಕನಿಗೆ ಅದರ ಪರಿವೆ ಇರಲಿಲ್ಲ. ಎಷ್ಟೋ ಕಾಲದ ಮೇಲೆ ಅವನು ತಲೆಯೆತ್ತಿ ಬಾರಿಸುತ್ತಿದ್ದ.

ನದಿ ಬಂತು. ಮೆಟ್ಟಿಲು ಬಂತು. ಬಗ್ಗಿ ಕೊಡ ತುಂಬುತ್ತಿರುವವಳ ಹೆಗಲು ನೋಡಿದ್ದೇ ಅವನಿಗೆ ಗೊತ್ತಾಯಿತು. ಅವಳೇ. ಕೊಡ ಸೊಂಟಕ್ಕೆ ಬಂತು. ಬೆನ್ನು ತಿರುಗಿಸಿ ಮೆಟ್ಟಿಲು ಹತ್ತಿದಳು, ಕನಸಿನಲ್ಲಿ ಹತ್ತಿದ ಹಾಗೆಯೇ. ಪುಂಡಲೀಕನ ಬೆರಳು ಆ ಹಳೆಯ ಗುನುಗನ್ನು ಹಿಡಿಯಿತು. ಅವಳು ನಿಂತಳು. ಕತ್ತು ಸ್ವಲ್ಪ ಹೊರಳಿತು, ಕಿವಿಯ ಓಲೆ ಮಿಂಚಿತು.

ಪರದೆ ಒಮ್ಮೆ ಜಿಗಿಯಿತು. ಯಾವನೋ ರಾಜನ ದರ್ಬಾರು. ಸೇವಕರು ಚಾಮರ ಬೀಸುತ್ತಿದ್ದರು.

ಜಿಗಿಯುವ ಮುಂಚಿನ ಅರೆಗಳಿಗೆಯಲ್ಲಿ ಪರದೆಯ ಅಂಚಿಗೆ ಒಂದು ಬೊಟ್ಟು ಹಾದು ಹೋದದ್ದು ಅವನ ಕಣ್ಣಿಗೆ ಬಿತ್ತು. ಪುಂಡಲೀಕನ ಕೈ ನಿಂತುಹೋಯಿತು. ಡೇರೆಯಲ್ಲಿ ಯಂತ್ರದ ಕಟಕಟ ಬಿಟ್ಟರೆ ಸದ್ದಿಲ್ಲ. ಕೊನೆಗೆ ಒತ್ತಿದ ಪಟ್ಟಿಯನ್ನು ಬೀರಿ ಎತ್ತಿ ಕಾದಳು, ಮುಂದಿನದನ್ನು ಅವನು ಒತ್ತಲಿಲ್ಲ.

"ಅದ್ರಲ್ಲಿ ಅವ್ರು ಯಾರು?" ಎಂದು ಪಿಸುಗುಟ್ಟಿದಳು. "ನಂಗೆ ಮುಖ ಕಾಣ್ಲೇ ಇಲ್ಲ."

ಬೆಳಗಾದ ಮೇಲೆ ಪುಂಡಲೀಕ ನಾಗಪತಿಯ ಅಪ್ಪಣೆ ಕೇಳಿ ರೀಲು ಬಿಚ್ಚಿಸಿ ನೋಡಿದ. ಓರೆಯಾಗಿ ಕತ್ತರಿಸಿ ಅಂಟಿಸಿದ ಜಾಗ. ಪಕ್ಕದಲ್ಲಿ ಕಾಶಿಯ ಬೆರಳೊತ್ತು, ಒಣಗಿದ ಕುಂಕುಮದ ಬಣ್ಣ.

"ಹೆಗಡೇರೇ, ಇದರ ಬೇರೆ ಪ್ರತಿ ಎಲ್ಲಿ ಸಿಗಬಹುದು?"

"ಬೇರೆ ಎಲ್ಲಿದ್ದು ಮಾರಾಯ್ರೇ? ಕಂಪನಿಯವ್ರು ಮಾಡಿದ್ದೇ ಇದೊಂದಂತೆ. ಮಾಡಿ ಬಾಗ್ಲು ಹಾಕಿದ್ರು. ಇದೇ ಊರೂರು ತಿರುಗ್ತಾ ಇದ್ದು. ಇಲ್ಲಿಂದ ಹೋದ್ಮೇಲೆ ಇದೂ ಇಲ್ಲ. ತೊಳ್ದು ಅದ್ರಲ್ಲಿದ್ದ ಬೆಳ್ಳಿ ತೆಗೀತ್ರಂತೆ, ಉಳಿದದ್ದು ಬಳೆ ಮಾಡೂಕೆ ಹೋಗ್ತದಂತೆ."

ಪುಂಡಲೀಕ ರೀಲನ್ನು ಕೈಯಲ್ಲಿ ಹಿಡಿದೇ ಕೂತ. ಅತ್ತೆ ಯಂತ್ರವನ್ನು ಬೈದದ್ದು ನೆನಪಾಯಿತು. ಯಂತ್ರ ಪಾಪದ್ದು, ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಊರೂರಿಗೆ ತೋರಿಸಿಕೊಂಡು ಬಂದಿತ್ತು. ಅವಳ ಮುಖ ಕಿತ್ತವನು ಅವನು. ಇಷ್ಟು ವರ್ಷ ಎಷ್ಟೋ ಊರಿನ ಜನ ಅವಳ ಬೆನ್ನು ನೋಡಿ ಎದ್ದು ಹೋಗಿದ್ದರು, ಅವಳು ಯಾರ ಕರೆಗೂ ತಿರುಗಲಾರದೆ ಆ ಮೆಟ್ಟಿಲ ಮೇಲೆ ನಿಂತೇ ಇದ್ದಳು.

ವಾರದ ಉಳಿದ ಆಟಗಳಿಗೆಲ್ಲ ಅವನು ಬಾರಿಸಿದ. ಆ ಜಾಗ ಬಂದಾಗ ತಲೆ ತಗ್ಗಿಸುತ್ತಿದ್ದ. ದರ್ಬಾರು ಶುರುವಾದರೂ ಗುನುಗನ್ನು ಪೂರ್ತಿ ಬಾರಿಸಿಯೇ ಮುಂದೆ ಹೋಗುತ್ತಿದ್ದ. ರಾಜನಿಗೆ ಇದೆಂಥ ಸಂಗೀತ ಎಂದು ಜನ ಗೊಣಗಿದರು.

ಕಡೆಯ ಆಟ ಮುಗಿದ ಮರುದಿನ ಪುಂಡಲೀಕ ಕದ್ವಾಡಕ್ಕೆ ಹೋಗಿ ಮಾಡಿನ ಕೆಳಗಿನ ಡಬ್ಬಿ ತಂದ. ರೀಲು ತುಂಬಿ ವಾಪಸು ಕಳಿಸುವ ಪೆಟ್ಟಿಗೆಗೆ ಬೀರಿಯ ಗಂಡ ಬೊಮ್ಮು ಹಗ್ಗ ಬಿಗಿಯುತ್ತಿದ್ದ. ಪುಂಡಲೀಕ ಅವನನ್ನು ತಡೆದು ಡಬ್ಬಿಯನ್ನು ಒಳಗಿಟ್ಟ.

"ಅದೆಂತದು?" ಎಂದು ನಾಗಪತಿ ಕೇಳಿದ.

"ಇದರದ್ದೇ ತುಂಡು. ನನ್ನ ಹತ್ರ ಉಳಿದಿತ್ತು."

ಮಳೆ ಬಿತ್ತು. ಡೇರೆ ಬಿಚ್ಚಿದರು. ಮುಂದಿನ ಹಂಗಾಮಿಗೆ ಮಾತಾಡುವ ಯಂತ್ರ ಬಂತು, ಪಿಯಾನೊ ನಾಗಪತಿಯ ಅಣ್ಣನ ಕೊಟ್ಟಿಗೆ ಸೇರಿತು. ಪುಂಡಲೀಕ ಕದ್ವಾಡದ ಭಜನೆಗೆ ಪೇಟಿ ಬಾರಿಸಿಕೊಂಡು ಉಳಿದ, ಊರವರು ಕರೆದ ಹೆಸರು ಕಡೆಗೆ ನಿಜವಾಯಿತು. ಪೇಟಿಯ ಪಟ್ಟಿ ತಾನಾಗಿ ಮೇಲೇಳುತ್ತದೆ. ಆದರೂ ಒಂದೊಂದು ಸಲ ಅವನ ಬೆರಳು ಎತ್ತಲು ಹೋಗುತ್ತಿತ್ತು.

ಮರುವರ್ಷ ಅಂಕೋಲೆಯ ಸಂತೆಯಲ್ಲಿ ಬೀರಿ ಸಿಕ್ಕಳು. ಸೊಪ್ಪು ಮಾರುತ್ತಿದ್ದವಳು ಅವನನ್ನು ಕೂರಿಸಿ ಎಲೆಯಡಿಕೆಯ ಕವಳ ಕೊಟ್ಟಳು. ಅಕ್ಕಪಕ್ಕದ ಬುಟ್ಟಿಯವರು ಅತ್ತ ತಿರುಗಿದಾಗ ಕೇಳಿದಳು, "ಈಗ್ಲೂ ಬತ್ತ್ರಾ ಅವ್ರು, ಕನಸ್ನಲ್ಲಿ?"

"ಇಲ್ಲ. ಅವಳದ್ದಿದ್ದ ಡಬ್ಬಿ ಬೊಮ್ಮುವಿನ ಪೆಟ್ಟಿಗೆಯಲ್ಲಿಟ್ಟು ಕಳಿಸಿದ ಮೇಲೆ ಬರಲೇ ಇಲ್ಲ. ಮುಖವೂ ಇಲ್ಲ, ಬೆನ್ನೂ ಇಲ್ಲ."

"ಹಾಂಗಾರೆ ಸಮಾಧಾನ ಆಯ್ತು."

ಪುಂಡಲೀಕ ಎಲೆಗೆ ಸುಣ್ಣ ಹಚ್ಚಿ ಮಡಚಿದ, ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡ.

"ಅವಳಿಗೆ ಆಯ್ತು," ಎಂದ.