ಏಡಿಯನ್ನು ಮನೆಗೆ ಬಿಟ್ಟು ಬಂದದ್ದು

ನಾನು ಕಲ್ಲೋಳಿಯಿಂದ ಗೋವಾಕ್ಕೆ ಒಂದು ಏಡಿಯನ್ನು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಬಂದಿದ್ದೇನೆ. ನಗಬೇಡಿ. ಟಿಕೆಟ್ ಇನ್ನೂ ಕಿಸೆಯಲ್ಲಿದೆ.

ಹೋದ ವಾರ ಕಾಕಾ, ಕಾಕೂ ಜೊತೆ ಗೋವಾಕ್ಕೆ ಎರಡು ದಿನದ ಟ್ರಿಪ್ ಹೋಗಿದ್ದೆ. ಕಾಕೂ ಅಂದರೆ ನನ್ನ ಚಿಕ್ಕಪ್ಪನ ಹೆಂಡತಿ. ನಮ್ಮದು ಜೈನರ ಮನೆ. ಕಾಕೂ ಸೋಸದ ನೀರು ಕುಡಿದವಳಲ್ಲ, ಹೊತ್ತು ಮುಳುಗಿದ ಮೇಲೆ ಉಂಡವಳಲ್ಲ. ಇರುವೆ ಸಾಲು ಕಂಡರೆ ದಾರಿ ಬಿಟ್ಟು ನಿಲ್ಲುತ್ತಾಳೆ. ಅಂಥವಳು ಬೀಚಿನಲ್ಲಿ ಚಂದದ ಶಂಖವೊಂದನ್ನು ತೋರಿಸಿ, "ಇದರಾಗ ಏನರ ಐತೇನೋ?" ಅಂತ ಕೇಳಿದಳು.

ನಾನು ಕಾಲೇಜಿನಲ್ಲಿ ಪಾಠ ಹೇಳುವವನು. (ವಾಣಿಜ್ಯಶಾಸ್ತ್ರ. ಆದರೆ ಆ ಹೊತ್ತಿಗೆ ಅದು ನೆನಪಾಗಲಿಲ್ಲ.) ಅತ್ತಿತ್ತ ತಿರುಗಿಸಿ ನೋಡಿ, "ಖಾಲಿ ಐತಿ, ತಗೋ" ಅಂದೆ.

ಊರಿಗೆ ಬಂದ ಮರುದಿನ ಮುಂಜಾನೆ ಆ ಶಂಖ ಅಡುಗೆಮನೆಯ ಕಟ್ಟೆ ಮೇಲೆ ನಡೆಯುತ್ತಿತ್ತು.

"ಅಯ್ಯಯ್ಯ, ಶಂಖಕ್ಕ ಕಾಲ ಬಂದಾವು!" ಎಂದು ಕಾಕಾ ಕುರ್ಚಿ ಏರಿದರು. ಕಾಕೂ ಬಗ್ಗಿ ನೋಡಿದಳು. ಒಳಗೊಂದು ಪುಟ್ಟ ಏಡಿ. ಖಾಲಿ ಶಂಖ ಕಂಡರೆ ಹೊಕ್ಕು ಸಂಸಾರ ಹೂಡುವ ಜಾತಿ. ಕಾಕೂನ ಕಣ್ಣಲ್ಲಿ ನೀರು ಬಂತು.

"ಮನಿ ಬಿಡಿಸಿ ತಂದೇವಲ್ಲೋ ಅದನ್ನ! ಅದು ಸಮುದ್ರ ಸೇರೂತನಕ ನಾ ಬಾಯಾಗ ತುತ್ತ ಇಡಂಗಿಲ್ಲ."

"ಘಟಪ್ರಭಾ ಹೊಳ್ಯಾಗ ಬಿಡೂಣೇಳ" ಅಂದರು ಕಾಕಾ, ಕುರ್ಚಿ ಮೇಲಿಂದಲೇ.

"ಉಪ್ಪ ನೀರಿನ ಜೀವಾನ ಸಿಹಿ ನೀರಾಗ ಬಿಟ್ಟ ಕೊಲ್ಲತೀರೇನು?"

ಖಾಲಿ ಎಂದು ಹೇಳಿದವನು ಯಾರು? ನಾನು. ಹೋಗಬೇಕಾದವನು ಯಾರು? ಸ್ಟೀಲ್ ಡಬ್ಬಿ, ಅದರೊಳಗೆ ಒದ್ದೆ ಬಟ್ಟೆ, ಬಟ್ಟೆ ಮೇಲೆ ಏಡಿ. ಸಂಜೆ ಹೊತ್ತು ಮುಳುಗುವುದರೊಳಗೆ ಫೋನ್ ಮಾಡದಿದ್ದರೆ ಕಾಕೂಗೆ ಆ ದಿನ ಪೂರ್ತಿ ಉಪವಾಸ. ಅವಳಿಗೆ ವಯಸ್ಸು ಅರವತ್ತು ದಾಟಿದೆ. ನನಗೆ ಖರೆ ಅಂದರೂ ಹೆದರಿಕೆಯಾಗಿತ್ತು.

ಬಸ್ಸಿನಲ್ಲಿ ಡಬ್ಬಿ ಕಟಕಟ ಅಂದಿತು. ಕಂಡಕ್ಟರ್ ನೋಡಿದ.

"ಏನೈತ್ರಿ ಅದರಾಗ?"

"ಏಡಿರಿ."

"ಸಾರೇನ್ರಿ?"

"ಇಲ್ರಿ, ಜೀವಂತ ಐತಿ. ಅದರ ಮನಿಗೆ ಬಿಡಾಕ ಹೊಂಟೇನಿ."

ಆತ ಒಂದೇ ಟಿಕೆಟ್ ಹರಿದುಕೊಟ್ಟ. ಇಡೀ ದಿನದಲ್ಲಿ ನನಗೆ ಸಿಕ್ಕ ರಿಯಾಯಿತಿ ಅದೊಂದೇ.

ಬಸ್ಸು ಬದಲಿಸಿ, ಘಟ್ಟ ಇಳಿದು ಬೀಚು ಮುಟ್ಟುವಷ್ಟರಲ್ಲಿ ಐದೂವರೆ. ಏಡಿಯನ್ನು ಮರಳ ಮೇಲಿಟ್ಟೆ. ಅದು ಸಮುದ್ರಕ್ಕೆ ಬೆನ್ನು ಮಾಡಿ ನನ್ನ ಚಪ್ಪಲಿ ಹತ್ತಿತು. ಮೂರು ಸಲ ಮುಖ ತಿರುಗಿಸಿಟ್ಟೆ. ಮೂರು ಸಲವೂ ಚಪ್ಪಲಿಗೇ ಬಂತು. (ಎಂಟು ತಾಸಿನ ಒಡನಾಟ ಸುಮ್ಮನೆ ಹೋಗುತ್ತದೆಯೇ?) ಕೊನೆಗೆ ದೊಡ್ಡ ತೆರೆಯೊಂದು ಬಂದು ಏಡಿಯನ್ನೂ, ಎಡಗಾಲಿನ ಚಪ್ಪಲಿಯನ್ನೂ ಒಯ್ದಿತು.

ಒಂದೇ ಚಪ್ಪಲಿಯಲ್ಲಿ ಎಸ್‌ಟಿಡಿ ಬೂತಿಗೆ ಓಡಿದೆ.

"ಬಿಟ್ಟೆ ಕಾಕೂ!"

"ಎಲ್ಲಿಂದ ಮಾತಾಡಾಕತ್ತಿ? ಗೋಕಾಕ ಸ್ಟ್ಯಾಂಡಿನ್ಯಾಗ ಕುಂತಿಲ್ಲ ಹೌದಲ್ಲೋ? ಎಲ್ಲಿ, ಸಮುದ್ರದ ಸಪ್ಪಳ ಕೇಳಸು."

ಬೂತಿನಲ್ಲಿ ಕೇಳುತ್ತಿದ್ದದ್ದು ಫ್ಯಾನಿನ ಸಪ್ಪಳ. ಸಮುದ್ರ ಎರಡು ಫರ್ಲಾಂಗು ದೂರ. ಹೊತ್ತು ಮುಳುಗಲು ಬಂದಿತ್ತು. ಮೇಜಿನ ಮೇಲೆ ಬಿಲ್ಲು ಹಾರದಂತೆ ದೊಡ್ಡದೊಂದು ಶಂಖ ಇಟ್ಟಿದ್ದರು. ಒಳಗೆ ಯಾರೂ ಇಲ್ಲ ಎಂದು ಎರಡು ಸಲ ನೋಡಿ, ಅದರ ಬಾಯಿಗೆ ರಿಸೀವರ್ ಹಿಡಿದೆ.

"ಹಾಂ, ಬಂತು ಸಪ್ಪಳ. ಇನ್ನ ಉಣ್ತೇನಪಾ" ಅಂದಳು ಕಾಕೂ.

ಖರೆ ಹೇಳಿದಾಗ ನಂಬಲಿಲ್ಲ, ಸುಳ್ಳು ಕೇಳಿಸಿದಾಗ ನಂಬಿದಳು. ಮನಸ್ಸಿಗೆ ಚುಚ್ಚಿತು. ಮರುದಿನ ಮನೆಗೆ ಬಂದವನೇ ಎಲ್ಲ ಒಪ್ಪಿಕೊಂಡೆ.

"ನನಗ ಆಗಲೇ ಗೊತ್ತಾತು" ಅಂದಳು ಕಾಕೂ, ರೊಟ್ಟಿ ಬಡಿಯುತ್ತಲೇ. "ಸಮುದ್ರ ಹಂಗ ಒಂದಾ ಸಮ ಗುಂಯ್ ಅಂತೈತೇನು? ತೆರಿ ಬರತೈತಿ, ಹೋಗತೈತಿ."

"ಮತ್ತ ಯಾಕ ಉಂಡಿ?"

"ಸುಳ್ಳ ಹೇಳಾಂವ ಇಷ್ಟ ತ್ರಾಸ ತಗೋತಾನೇನೋ? ಮ್ಯಾಲ ಹೊತ್ತ ಬ್ಯಾರೆ ಮುಳುಗಾಕ ಬಂದಿತ್ತು."

ಅಂದು ನಾನು ಬಿಲ್ಲು ಕೊಟ್ಟು, ಒಂದೇ ಚಪ್ಪಲಿಯಲ್ಲಿ ಹೋಟೆಲ್ ಹುಡುಕುವಷ್ಟರಲ್ಲಿ ಗೋವಾದಲ್ಲೂ ಹೊತ್ತು ಮುಳುಗಿತ್ತು. ನಾನೂ ಅದೇ ಮನೆಯವನು, ಮುಂಜಾನೆಯಿಂದ ಏನೂ ತಿಂದಿರಲಿಲ್ಲ. ಡಬ್ಬಿಯೊಳಗಿನ ಜೀವದ ಬಗ್ಗೆ ಎಲ್ಲರೂ ಕೇಳಿದರು. ಡಬ್ಬಿ ಹೊತ್ತ ಜೀವ ಉಂಡಿತೋ ಇಲ್ಲವೋ, ಕೇಳಿದವರು ಯಾರು?